ಸಿಸಿಲಿಯೋ, ಕ್ರೀಟೋ, ಟರ್ಕಿಯೋ: ಕಾರಿಲ್ಲದೆ ಬೀಚೂ ಹಳೇ ಊರೂ

ಹತ್ತು ದಿನ ರಜೆ. ಅರ್ಧ ಬೀಚಿಗೆ, ಅರ್ಧ ಹಳೇ ಊರುಗಳಿಗೆ. ಈ ಲೆಕ್ಕಕ್ಕೆ ನನ್ನ ಓಟು ಇಟಲಿಯ ಸಿಸಿಲಿ ದ್ವೀಪದ ಉತ್ತರ ಕರಾವಳಿಗೆ: ಪಲೆರ್ಮೊದಲ್ಲಿ ನಾಲ್ಕು ರಾತ್ರಿ, ಚೆಫಲೂದಲ್ಲಿ ಐದು. ಗ್ರೀಸಿನ ಕ್ರೀಟ್ ದ್ವೀಪ ಎರಡನೆಯದು, ಅದೂ ಒಂದು ಷರತ್ತಿನ ಮೇಲೆ. ಟರ್ಕಿಯ ಕಾಷ್ ಸುತ್ತಲಿನ ಕರಾವಳಿ ಮೂರನೆಯದು. ನೀರು ಮೂರು ಕಡೆಯೂ ನೀಲಿಯೇ. ವ್ಯತ್ಯಾಸ ಇರುವುದು ಬೀಚಿನಿಂದ ಸ್ಮಾರಕಕ್ಕೆ ಹೋಗುವ ದಾರಿಯಲ್ಲಿ, ಆ ದಾರಿಗೆ ಕಾರು ಬೇಕೋ ಬೇಡವೋ ಅನ್ನುವುದರಲ್ಲಿ.

ಚೆಫಲೂ ರೈಲ್ವೆ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಮರಳಿನ ಬೀಚು. ಅಲ್ಲಿಂದ ಹಳೇ ಊರಿನ ಒಳಗೆ ಐದಾರು ನಿಮಿಷ ನಡೆದರೆ ಕೆಥೆಡ್ರಲ್. ಸಿಸಿಲಿಯನ್ನು ಆಳಿದ ನಾರ್ಮನ್ ದೊರೆ ಎರಡನೇ ರೋಜರ್ ಇದನ್ನು ಕಟ್ಟಿಸಲು ಹಿಡಿದದ್ದು 1131ರಲ್ಲಿ. ಒಳಗೆ ಕೊನೆಯ ಅರೆಗುಮ್ಮಟದ ತುಂಬ ಚಿನ್ನದ ಹಿನ್ನೆಲೆಯಲ್ಲಿ ಬಣ್ಣದ ಚೂರುಗಳನ್ನು ಜೋಡಿಸಿ ಮಾಡಿದ ಮೊಸಾಯಿಕ್ ಕ್ರಿಸ್ತ. ಕೈಯಲ್ಲಿರುವ ತೆರೆದ ಪುಸ್ತಕದ ಒಂದು ಪುಟ ಗ್ರೀಕ್, ಇನ್ನೊಂದು ಲ್ಯಾಟಿನ್. ಸ್ವಲ್ಪ ಮುಂದೆ ಬೀದಿಯಿಂದ ಮೆಟ್ಟಿಲಿಳಿದರೆ ಮಧ್ಯಯುಗದ ಬಟ್ಟೆ ಒಗೆಯುವ ಕಟ್ಟೆ, ಸಿಂಹದ ಬಾಯಿಗಳಿಂದ ಈಗಲೂ ನೀರು ಸುರಿಯುತ್ತದೆ. ಊರಿನ ಬೆನ್ನಿಗೆ ನಿಂತ ಲಾ ರೋಕ್ಕಾ ಬಂಡೆ ಸುಮಾರು 270 ಮೀಟರ್ ಎತ್ತರ. ಬೆಳಿಗ್ಗೆ ಬೇಗ ಹತ್ತಿ, ಶೂ ಹಾಕಿಕೊಂಡು ಹತ್ತಿ. ಸವೆದು ನುಣುಪಾದ ಕಲ್ಲಿನ ಮೇಲೆ ಚಪ್ಪಲಿ ಜಾರುತ್ತದೆ, ಮಳೆ ಬಂದರೆ ದಾರಿಯನ್ನೇ ಮುಚ್ಚುತ್ತಾರೆ.

ಪಲೆರ್ಮೊಗೆ ಇಲ್ಲಿಂದ ರೀಜನಲ್ ರೈಲಿನಲ್ಲಿ ಒಂದು ಗಂಟೆಯೊಳಗೆ, ಏಳು ಯೂರೊ ಆಸುಪಾಸು. ಅಲ್ಲಿ ನೋಡಲೇಬೇಕಾದ್ದು ಎರಡು. ನಾರ್ಮನ್ ಅರಮನೆಯೊಳಗಿನ ಪ್ರಾರ್ಥನಾಮಂದಿರ ಕಪೆಲ್ಲಾ ಪಲಟೀನಾ: ಗೋಡೆಗೆ ಬೈಜಾಂಟೈನ್ ಮೊಸಾಯಿಕ್, ತಲೆಯ ಮೇಲೆ ಅರಬ್ ಕುಶಲಕರ್ಮಿಗಳ ಶೈಲಿಯ ಮರದ ಜೇನುಗೂಡು ಚಾವಣಿ. ಇನ್ನೊಂದು ಬೆಟ್ಟದ ಮೇಲಿನ ಮೊನ್‌ರೆಯಾಲೆ ಕೆಥೆಡ್ರಲ್, ಆರು ಸಾವಿರ ಚದರ ಮೀಟರಿಗೂ ಮಿಕ್ಕಿ ಮೊಸಾಯಿಕ್. ಅರಮನೆಯ ಪಕ್ಕದ ಇಂಡಿಪೆಂಡೆನ್ಸಾ ಚೌಕದಿಂದ 389ನೇ ನಂಬರ್ ಸಿಟಿ ಬಸ್ಸು ಅಲ್ಲಿಗೆ ಹೋಗುತ್ತದೆ, ಹಾಗಾಗಿ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಿ. ಭಾನುವಾರ ಮಾತ್ರ ಬೇಡ: ಪೂಜೆಯ ಹೊತ್ತಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬಸ್ಸೂ ಕಡಿಮೆ. ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು; ಬ್ಯಾಗಿನಲ್ಲಿ ಒಂದು ತೆಳು ಪಂಚೆಯೋ ಶಾಲೋ ಇದ್ದರೆ ಬೀಚಿಗೂ ಆಯಿತು, ಚರ್ಚಿಗೂ ಆಯಿತು.

ರೈಲಿನಲ್ಲಿ ಒಂದೇ ಒಂದು ಮುಳ್ಳು. ಕಾಗದದ ರೀಜನಲ್ ಟಿಕೆಟ್ಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಸಣ್ಣ ಯಂತ್ರಕ್ಕೆ ತೂರಿಸಿ ಹೊತ್ತು ಅಚ್ಚಾಗುವಂತೆ ಮಾಡಬೇಕು. ಮೊಬೈಲಿನಲ್ಲಿ ಕೊಂಡಿದ್ದರೆ ಹತ್ತುವಾಗ ಅದರಲ್ಲೇ ಚೆಕ್-ಇನ್ ಒತ್ತಬೇಕು. ಎರಡೂ ಮಾಡದೆ ಕೂತರೆ ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ದೂ ದಂಡ.

ಈಗ ಕಾರಿನ ವಿಷಯ. ಮೆಡಿಟರೇನಿಯನ್ ರಜೆ ಕೆಡುವುದು ಬಹುಪಾಲು ಇಲ್ಲೇ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ. ಆನ್‌ಲೈನಿನಲ್ಲಿ ದಿನಕ್ಕೆ ಮೂವತ್ತು ಯೂರೊ ಅಂತ ತೋರಿಸುವ ಬಾಡಿಗೆ ಕಾರು ಏರ್‌ಪೋರ್ಟಿನ ಕೌಂಟರಿಗೆ ಬರುವ ಹೊತ್ತಿಗೆ ಬೇರೆಯೇ ಪ್ರಾಣಿ. ಮೊದಲನೆಯದು ಲೈಸೆನ್ಸು. ನಮ್ಮ ಡಿಎಲ್ ಇಂಗ್ಲಿಷಿನಲ್ಲೇ ಇದ್ದರೂ ಇಟಲಿಯಲ್ಲಿ, ಗ್ರೀಸಿನಲ್ಲಿ ಅದರ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು. ಇದನ್ನು ಕೊಡುವುದು ಆರ್‌ಟಿಒ: ಫಾರಂ 4ಎ, ಶುಲ್ಕ ಸಾವಿರ ರೂಪಾಯಿ, ಅವಧಿ ಒಂದು ವರ್ಷ. ಅರ್ಜಿಯ ಜೊತೆ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಕೇಳುತ್ತಾರೆ. ಅಂದರೆ ವೀಸಾ ಕೈಗೆ ಬರುವ ತನಕ ಇದು ಮುಂದೆ ಹೋಗದು, ವೀಸಾ ಬರುವುದು ಹಲವು ಸಲ ಹೊರಡಲು ವಾರವಿರುವಾಗ. ಪರ್ಮಿಟ್ ಇಲ್ಲದೆ ಕೌಂಟರಿಗೆ ಹೋದರೆ ಕಾರು ಕೊಡದಿರಬಹುದು, ಮುಂಗಡ ಕಟ್ಟಿದ ದುಡ್ಡು ಸಾಮಾನ್ಯವಾಗಿ ವಾಪಸ್ಸಿಲ್ಲ.

ಎರಡನೆಯದು ಡೆಪಾಸಿಟ್. ಕಾರು ಕೊಡುವಾಗ ಕಾರ್ಡಿನ ಮೇಲೆ 800ರಿಂದ 1,500 ಯೂರೊ ತಡೆಹಿಡಿಯುವುದು ಮಾಮೂಲು. ಒಂದು ಯೂರೊಗೆ ನೂರು ರೂಪಾಯಿ ಅಂತ ಹಿಡಿದರೂ ಲಕ್ಷದ ಸುತ್ತಮುತ್ತ. ಅದು ಕ್ರೆಡಿಟ್ ಕಾರ್ಡೇ ಆಗಿರಬೇಕು, ಓಡಿಸುವವರ ಹೆಸರಿನಲ್ಲೇ ಇರಬೇಕು, ಪ್ಲಾಸ್ಟಿಕ್ ಕಾರ್ಡು ಕೈಯಲ್ಲೇ ಇರಬೇಕು. ನಾವು ಪ್ರೀತಿಯಿಂದ ತುಂಬಿಸಿಕೊಂಡು ಹೋಗುವ ಫಾರೆಕ್ಸ್ ಕಾರ್ಡು ಪ್ರೀಪೇಯ್ಡ್ ಆದ್ದರಿಂದ ಡೆಪಾಸಿಟ್ಟಿಗೆ ನಡೆಯುವುದಿಲ್ಲ; ಡೆಬಿಟ್ ಕಾರ್ಡನ್ನೂ ಹಲವೆಡೆ ಒಪ್ಪುವುದಿಲ್ಲ. ಗಂಡ ಓಡಿಸುವುದು, ಕ್ರೆಡಿಟ್ ಕಾರ್ಡು ಹೆಂಡತಿಯದು ಅಂದರೂ ಆಗದು. ಬುಕಿಂಗ್ ಸೈಟಿನಲ್ಲಿ "ಪೂರ್ತಿ ಇನ್ಶೂರೆನ್ಸ್" ಕೊಂಡಿದ್ದರೂ ಈ ತಡೆ ತಪ್ಪುವುದಿಲ್ಲ, ಯಾಕೆಂದರೆ ಆ ವಿಮೆ ಬೇರೆ ಕಂಪನಿಯದು: ಕಾರಿಗೆ ಗೀರು ಬಿದ್ದರೆ ಬಾಡಿಗೆಯವರು ನಿಮ್ಮ ಕಾರ್ಡಿನಿಂದಲೇ ಹಿಡಿಯುತ್ತಾರೆ, ನೀವು ಆಮೇಲೆ ವಿಮೆಯವರ ಬಳಿ ಕೇಳಿಕೊಳ್ಳಬೇಕು. ಕಾರ್ಡಿನ ಲಿಮಿಟ್ ಸಾಲದಿದ್ದರೆ ಕೌಂಟರಿನವರು ತಮ್ಮದೇ ವಿಮೆ ಹಚ್ಚುತ್ತಾರೆ; ಮೂವತ್ತು ಯೂರೊ ಅರವತ್ತಾಗುವುದು ಆಗಲೇ.

ಮೂರನೆಯದು ಇಟಲಿಗೇ ಮೀಸಲಾದ ಜೆಡ್‌ಟಿಎಲ್, ಅಂದರೆ ಹಳೇ ಊರಿನೊಳಗೆ ಅನುಮತಿ ಇಲ್ಲದ ವಾಹನಕ್ಕೆ ಪ್ರವೇಶವಿಲ್ಲದ ವಲಯ. ಗೇಟಿಲ್ಲ, ಪೊಲೀಸಿಲ್ಲ, ಬೀದಿಯ ಬಾಯಲ್ಲಿ ಕೆಂಪು ವೃತ್ತದ ಫಲಕ, ಮೇಲೊಂದು ಕ್ಯಾಮೆರಾ. ಮ್ಯಾಪು ಹೋಟೆಲಿನ ಬಾಗಿಲಿಗೆ ಸಲೀಸಾಗಿ ಕರೆದೊಯ್ಯುತ್ತದೆ, ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಪಾರ್ಕಿಂಗ್ ಹುಡುಕುತ್ತ ಒಳಗೆ ನುಗ್ಗಿದರೂ ದಂಡ. ಮೊದಲು ಬಾಡಿಗೆ ಕಂಪನಿ ನಿಮ್ಮ ಹೆಸರು, ವಿಳಾಸ ಪೊಲೀಸರಿಗೆ ಕೊಟ್ಟದ್ದಕ್ಕೆ ಸೇವಾಶುಲ್ಕ ಅಂತ ಕಾರ್ಡಿನಿಂದ ಹಿಡಿಯುತ್ತದೆ. ಅದು ದಂಡವಲ್ಲ. ದಂಡ ಬೇರೆಯಾಗಿ ಅಂಚೆಯಲ್ಲಿ ಮನೆಗೆ ಬರುತ್ತದೆ. ವಿದೇಶದಲ್ಲಿರುವವರಿಗೆ ಕಳಿಸಲು ಇಟಲಿಯ ಕಾನೂನು 360 ದಿನ ಕೊಟ್ಟಿದೆ. ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ಶೇ. 30 ರಿಯಾಯಿತಿ ಉಂಟು. ಹೋಟೆಲಿನವರು ಕಾರಿನ ನಂಬರನ್ನು ಮೊದಲೇ ದಾಖಲಿಸಿದರೆ ಕೆಲವು ಊರುಗಳಲ್ಲಿ ಇದು ತಪ್ಪುತ್ತದೆ, ಆದರೆ ಅದನ್ನು ನೀವಾಗಿಯೇ ಕೇಳಬೇಕು. ಚೆಫಲೂ, ಪಲೆರ್ಮೊ ಎರಡೂ ಕಡೆ ಈ ವಲಯಗಳಿವೆ, ಎರಡೂ ಕಡೆ ಕಾರು ಬೇಕಾಗಿಲ್ಲ. ನನ್ನ ಪಕ್ಷಪಾತಕ್ಕೆ ಅಷ್ಟು ಸಾಕು.

ಕ್ರೀಟ್‌ನ ತೊಡಕು ಭೂಪಟದಲ್ಲೇ ಇದೆ. ಹೆಸರುವಾಸಿ ಬೀಚುಗಳಾದ ಎಲಫೊನೀಸಿ, ಬಾಲೋಸ್, ಫಲಸಾರ್ನಾ ಪಶ್ಚಿಮದ ಕೊನೆಗೆ. ಕಂಚಿನ ಯುಗದ ಮಿನೋವನ್ ನಾಗರಿಕತೆಯ ಅರಮನೆ ಕ್ನೋಸಸ್, ಅದರ ಭಿತ್ತಿಚಿತ್ರಗಳನ್ನೂ ಇನ್ನೂ ಓದಲಾಗದ ಬರಹವಿರುವ ಮಣ್ಣಿನ ಫೈಸ್ಟೋಸ್ ತಟ್ಟೆಯನ್ನೂ ಇಟ್ಟಿರುವ ಮ್ಯೂಸಿಯಂ ದ್ವೀಪದ ನಡುವಿನ ಹೆರಾಕ್ಲಿಯೋನಿನಲ್ಲಿ. ಎಲ್ಲರೂ ರೂಮು ಮಾಡುವುದು ಪಶ್ಚಿಮದ ಖಾನಿಯಾದಲ್ಲಿ, ಊರು ಅಷ್ಟು ಚೆನ್ನಾಗಿದೆ. ಆದರೆ ಖಾನಿಯಾದಿಂದ ಹೆರಾಕ್ಲಿಯೋನಿಗೆ ಸುಮಾರು 140 ಕಿ.ಮೀ., ಕೆಟೆಲ್ ಅನ್ನುವ ಊರೂರ ನಡುವಿನ ಬಸ್ಸಿನಲ್ಲಿ ಮೂರು ಗಂಟೆಗೆ ಸ್ವಲ್ಪ ಕಮ್ಮಿ. ಹೋಗಿ ಬರುವುದರಲ್ಲೇ ದಿನ ಖಾಲಿ. ಎಲಫೊನೀಸಿ ಇನ್ನೊಂದು ದಿಕ್ಕಿಗೆ 75 ಕಿ.ಮೀ.; ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೇ ಬರಬೇಕು, ಇಷ್ಟವಿರಲಿ ಬಿಡಲಿ. ಬಾಲೋಸಿಗೆ ಕಾರಿನಲ್ಲಿ ಹೋಗುವವರು ಬಾಡಿಗೆ ಕರಾರನ್ನು ಒಮ್ಮೆ ಓದಲಿ: ಕೊನೆಯ ಕೆಲವು ಕಿಲೋಮೀಟರ್ ಮಣ್ಣು, ಕಲ್ಲಿನ ದಾರಿ, ಅಂಥ ದಾರಿಯಲ್ಲಿ ಟೈರು, ಕಾರಿನ ಹೊಟ್ಟೆ ಕೆಟ್ಟರೆ ಬಹುತೇಕ ವಿಮೆ ಅನ್ವಯಿಸದು. ಕಿಸ್ಸಾಮೋಸ್ ಬಂದರಿನಿಂದ ಹೋಗುವ ದೋಣಿಯೇ ವಾಸಿ. ಹೆದ್ದಾರಿಯಲ್ಲಿ ಇನ್ನೊಂದು ಅಲಿಖಿತ ನಿಯಮ: ನಿಧಾನ ಹೋಗುವವರು ಅರ್ಧ ಕಾರನ್ನು ರಸ್ತೆಯಂಚಿನ ಪಟ್ಟಿಗೆ ಇಳಿಸಿ ಹಿಂದಿನವರಿಗೆ ಜಾಗ ಬಿಡಬೇಕು. ಬಿಡದಿದ್ದರೆ ಹಿಂದೆ ಅಂಟಿಕೊಂಡೇ ಬರುತ್ತಾರೆ.

ನಾನು ಹೇಳಿದ ಷರತ್ತು ಇದು: ಕ್ರೀಟಿಗೆ ಹೋಗುವುದೇ ಆದರೆ, ಕಾರಿಲ್ಲದೆ ಹೋಗುವುದಾದರೆ, ರೂಮು ರೆಥಿಮ್ನೊದಲ್ಲಿ ಮಾಡಿ. ಖಾನಿಯಾ ಒಂದು ಗಂಟೆ, ಹೆರಾಕ್ಲಿಯೋನ್ ಒಂದೂವರೆ ಗಂಟೆ. ವೆನಿಸಿನವರ ಕಾಲದ ಕೋಟೆ, ಹಳೇ ಓಣಿಗಳು, ಉದ್ದನೆಯ ಮರಳ ಬೀಚು ಮೂರೂ ನಡೆದಷ್ಟು ದೂರ. ಹೆರಾಕ್ಲಿಯೋನಿನಿಂದ ಕ್ನೋಸಸ್‌ಗೆ 5 ಕಿ.ಮೀ., ಸಿಟಿ ಬಸ್ಸಿದೆ. ಜುಲೈ, ಆಗಸ್ಟಿನಲ್ಲಿ ಉತ್ತರದಿಂದ ಬರುವ ಮೆಲ್ತೆಮಿ ಗಾಳಿ ಬೀಸುವ ದಿನ ಉತ್ತರದ ಬೀಚುಗಳಲ್ಲಿ ಈಜಬಾರದೆಂಬ ಕೆಂಪು ಬಾವುಟ ಏರಬಹುದು. ಅಂಥ ದಿನಗಳನ್ನು ಮ್ಯೂಸಿಯಮ್ಮಿಗೆ ಇಟ್ಟುಕೊಳ್ಳಿ. ನಡೆಯುವ ಹುಚ್ಚಿನವರಿಗೆ 16 ಕಿ.ಮೀ. ಉದ್ದದ ಸಮರಿಯಾ ಕಣಿವೆ ಇದೆ, ಅದಕ್ಕೆ ಸಿಸಿಲಿಯಲ್ಲಿ ಜೋಡಿ ಇಲ್ಲ. ತೆರೆದಿರುವುದು ಮೇಯಿಂದ ಅಕ್ಟೋಬರ್.

ಟರ್ಕಿ ಬಗ್ಗೆ ಚುಟುಕಾಗಿ. ಕಾಷ್ ಸುತ್ತಲಿನ ಪತರಾದಲ್ಲಿ ಪ್ರಾಚೀನ ನಗರಗಳ ಕೂಟವಾದ ಲಿಸಿಯನ್ ಒಕ್ಕೂಟದ ಸಭಾಭವನದ ಅವಶೇಷ ನೋಡಿ, ಅದೇ ದಾರಿಯಲ್ಲಿ ಮುಂದೆ ಹೋದರೆ ಕಿಲೋಮೀಟರುಗಟ್ಟಲೆ ಮರಳು. ಸಂಸ್ಕೃತಿ, ಸಮುದ್ರ ಎರಡೂ ಇಷ್ಟು ಹತ್ತಿರ ಚೆಫಲೂ, ರೆಥಿಮ್ನೊ ಬಿಟ್ಟರೆ ಇಲ್ಲೇ. ಕಡಲಾಮೆಗಳು ಮೊಟ್ಟೆಯಿಡುವ ಕಾಲದಲ್ಲಿ ರಾತ್ರಿ ಬೀಚಿಗೆ ಬಿಡುವುದಿಲ್ಲ. ಕಾಷ್ ಊರಿನದು ಮರಳಲ್ಲ, ಬೆಣಚುಕಲ್ಲಿನ ದಡ. ಅಂಟಾಲ್ಯ ಏರ್‌ಪೋರ್ಟಿನಿಂದ ಕಾಷ್ ಸುಮಾರು 200 ಕಿ.ಮೀ., ತಿರುವುಗಳ ರಸ್ತೆ. ಹತ್ತು ದಿನದ ರಜೆಯಲ್ಲಿ ಹೋಗಲು ಒಂದು ದಿನ, ಬರಲು ಒಂದು ದಿನ ಕೈಬಿಟ್ಟಂತೆ. ಚಾಲ್ತಿಯಲ್ಲಿರುವ ಷೆಂಗೆನ್ (ಇಟಲಿ, ಗ್ರೀಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ), ಅಮೆರಿಕ ಅಥವಾ ಬ್ರಿಟನ್ ವೀಸಾ ಇದ್ದವರಿಗೆ ಇ-ವೀಸಾ ಸಿಗುತ್ತದೆ, ಇಲ್ಲದವರು ಸ್ಟಿಕ್ಕರ್ ವೀಸಾಗೆ ಅರ್ಜಿ ಹಾಕಬೇಕು. ಗ್ರೀಸಿನ ಜೊತೆ ಟರ್ಕಿಯನ್ನೂ ಸೇರಿಸುವವರು ಒಂದು ನೋಡಿಕೊಳ್ಳಿ: ಷೆಂಗೆನ್ ಸಿಂಗಲ್ ಎಂಟ್ರಿ ಆಗಿದ್ದರೆ ಟರ್ಕಿಗೆ ದಾಟಿದ ಮೇಲೆ ಮತ್ತೆ ಗ್ರೀಸಿನೊಳಗೆ ಬರಲಾಗದು. ವಾಪಸ್ ವಿಮಾನ ಇಸ್ತಾಂಬುಲ್ಲಿನಿಂದ ಇರಲಿ.

ಊಟದಲ್ಲಿ ಸಸ್ಯಾಹಾರಿಗಳಿಗೆ ಕ್ರೀಟೇ ಮೇಲು, ಒಪ್ಪುತ್ತೇನೆ. ಬಾರ್ಲಿ ರಸ್ಕಿನ ಮೇಲೆ ಟೊಮೆಟೊ, ಮೆತ್ತನೆ ಚೀಸ್ ಹಾಕಿದ ದಾಕೋಸ್, ಬೇಯಿಸಿದ ಕಾಡುಸೊಪ್ಪು ಹೋರ್ತಾ, ಬೇಳೆಯಂಥದೇ ಫಾವಾ, ಎಲ್ಲ ಹೋಟೆಲಿನಲ್ಲೂ ಸಿಗುತ್ತವೆ. ಉಪವಾಸದ ಅಡುಗೆ ಅಂತ ಬರೆದದ್ದನ್ನು ಕಣ್ಣುಮುಚ್ಚಿ ನಂಬಬೇಡಿ: ಅವರ ಉಪವಾಸಕ್ಕೆ ಹಾಲು, ಮೊಟ್ಟೆ ಬೇಡ, ಆಕ್ಟೋಪಸ್, ಸಿಗಡಿ ಆಗುತ್ತದೆ. ಪಲೆರ್ಮೊದಲ್ಲಿ ನನ್ನ ಹೊಟ್ಟೆ ತುಂಬಿಸುವುದು ಪನೆಲ್ಲೆ: ಕಡಲೆಹಿಟ್ಟನ್ನು ನೀರಲ್ಲಿ ಕುದಿಸಿ ಗಟ್ಟಿಯಾಗಿಸಿ, ತೆಳ್ಳಗೆ ಹರಡಿ ಆರಿಸಿ, ಕತ್ತರಿಸಿ ಕರಿದು ಎಳ್ಳಿನ ಬನ್ನಿನೊಳಗೆ ಇಡುತ್ತಾರೆ, ಮೇಲೆ ನಿಂಬೆರಸ. ಕಪೊನಾತಾ ನಮ್ಮ ಬದನೆಕಾಯಿ ಗೊಜ್ಜಿನ ದೂರದ ನೆಂಟ. ಸ್ಫಿಂಚೋನೆ ಅನ್ನುವ ದಪ್ಪ ಪಿಜ್ಜಾ ನೋಡಲು ಬರೀ ಈರುಳ್ಳಿ-ಟೊಮೆಟೊ, ಒಳಗೆ ಆಂಚೊವಿ ಮೀನು ಕರಗಿರುತ್ತದೆ. "ಸೆಂತ್ಸಾ ಕಾರ್ನೆ" ಅಂದರೆ ಮಾಂಸ ಬೇಡ ಅಂತಷ್ಟೇ ತಿಳಿಯುತ್ತಾರೆ, "ಸೆಂತ್ಸಾ ಅಚ್ಚೂಗೆ" ಅಂತ ಬೇರೆಯಾಗಿ ಹೇಳಿ. ಬೆಣ್ಣೆಯ ಅರಂಚೀನಾ ಅನ್ನುವ ಅನ್ನದುಂಡೆಯೊಳಗೆ ಹ್ಯಾಮ್ ಇರುತ್ತದೆ.

ತಿಂಗಳು: ಸೆಪ್ಟೆಂಬರಿನ ಎರಡನೇ ಅರ್ಧ. ಮೇ ತಿಂಗಳಲ್ಲಿ ಟಿಕೆಟ್ ಅಗ್ಗ, ಆದರೆ ನೀರು 19 ಡಿಗ್ರಿ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆ ಸಮುದ್ರಕ್ಕೆ ಒಗ್ಗಿದವರು ಮಂಡಿಯುದ್ದ ಇಳಿದು ವಾಪಸ್ ಬರುತ್ತಾರೆ. ಸೆಪ್ಟೆಂಬರಿನಲ್ಲಿ 25ರ ಹತ್ತಿರ. ಆಗಸ್ಟ್ 15ರ ಸುತ್ತಿನ ವಾರ ಇಟಲಿಯಿಡೀ ಬೀಚಿನಲ್ಲಿರುತ್ತದೆ, ಚೆಫಲೂದಲ್ಲಿ ಟವೆಲ್ ಹಾಸಲೂ ಜಾಗ ಸಿಗದು.

ಬಜೆಟ್ಟಿನಲ್ಲಿ ಮರೆಯುವ ಎರಡು ಬಾಬತ್ತು. ಗ್ರೀಸಿನಲ್ಲಿ ಹವಾಮಾನ ಶುಲ್ಕ ಅಂತ ಏಪ್ರಿಲ್‌ನಿಂದ ಅಕ್ಟೋಬರ್ ತನಕ ರೂಮಿಗೆ ದಿನಕ್ಕಿಷ್ಟು ಕೊಡಬೇಕು: 2025ರ ದರದಂತೆ ಮೂರು ಸ್ಟಾರಿಗೆ 5 ಯೂರೊ, ನಾಲ್ಕು ಸ್ಟಾರಿಗೆ 10. ಇಟಲಿಯಲ್ಲಿ ತಲೆಗಿಷ್ಟು ಅಂತ ಊರಿನ ತೆರಿಗೆ, ಹಲವರು ನಗದಾಗಿಯೇ ಕೇಳುತ್ತಾರೆ.

ಷೆಂಗೆನ್ ವೀಸಾ ಶುಲ್ಕ ಇಟಲಿ, ಗ್ರೀಸ್ ಎರಡಕ್ಕೂ ಒಂದೇ, 90 ಯೂರೊ. ವಿಮೆ ಕನಿಷ್ಠ 30,000 ಯೂರೊದ್ದು ಬೇಕು. ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬೇಸಿಗೆಯ ಅಪಾಯಿಂಟ್‌ಮೆಂಟ್ ಖಾಲಿಯಾಗುವುದರಿಂದ ಹಾಕುವುದೇ ಒಳ್ಳೆಯದು. ವೀಸಾ ಬರುವ ತನಕ ರದ್ದು ಮಾಡಬಹುದಾದ ರೂಮುಗಳನ್ನೇ ಹಿಡಿಯಿರಿ. ವಿಮಾನವನ್ನು ಪಲೆರ್ಮೊ ತನಕ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯಿರಿ, ರೋಮಿನಿಂದ ಬೇರೆ ಅಗ್ಗದ ಟಿಕೆಟ್ ಬೇಡ: 2025ರ ಅಕ್ಟೋಬರಿನಿಂದ ಷೆಂಗೆನ್ ಗಡಿಯಲ್ಲಿ ಮೊದಲ ಸಲ ಬರುವವರ ಬೆರಳಚ್ಚು, ಫೋಟೊ ತೆಗೆಯಲು ಶುರುಮಾಡಿದ್ದಾರೆ, ಸಾಲು ಉದ್ದ. ಬೇರೆ ಟಿಕೆಟ್ಟಿನ ವಿಮಾನ ತಪ್ಪಿದರೆ ಆ ದುಡ್ಡು ನಿಮ್ಮದೇ. ಕತಾನಿಯಾ ಏರ್‌ಪೋರ್ಟಿಗೆ ಟಿಕೆಟ್ ಅಗ್ಗವಾಗಿ ಕಂಡರೂ ಎಟ್ನಾ ಬೂದಿ ಉಗುಳಿದ ದಿನ ಅಲ್ಲಿ ವಿಮಾನ ಇಳಿಯದು, ಅಲ್ಲಿಂದ ಚೆಫಲೂಗೆ ಹೋಗಲು ದ್ವೀಪವನ್ನು ಅಡ್ಡ ದಾಟಬೇಕು.