ಸೀರೀಸ್ ಲ್ಯಾಂಪ್ ಬೋರ್ಡ್: ಹಳೆಯ ಆಂಪ್ಲಿಫೈಯರ್‌ಗಳ ಜೊತೆ ಹಲವು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಈ ಬೋರ್ಡಿಗೆ ಕಂಪನಿಯ ಹೆಸರಿಲ್ಲ, ಕೈಪಿಡಿಯಿಲ್ಲ. ಮರದ ಪೆಟ್ಟಿಗೆಯ ಮೇಲೆ ಬಲ್ಬ್ ಹೋಲ್ಡರ್, ಸ್ವಿಚ್, ಮೂರು ಪಿನ್ನಿನ ಸಾಕೆಟ್, ಇಷ್ಟೇ. ಸಾಕೆಟ್ಟಿಗೆ ಹಾಕಿದ ಸೆಟ್ಟಿಗೆ ಕರೆಂಟ್ ಬಲ್ಬಿನ ಮೂಲಕವೇ (ಸೀರೀಸ್‌ನಲ್ಲಿ) ಹೋಗುತ್ತದೆ. ಆದರೂ ರಿಪೇರಿಗೆಂದು ನನ್ನ ಮೇಜಿನ ಮೇಲೆ ಬರುವ ಯಾವ ಆಂಪ್ಲಿಫೈಯರಿಗೂ ಮೊದಲು ಇದರ ಮೂಲಕವೇ ಕರೆಂಟ್ ಕೊಡುತ್ತೇನೆ.

100 ವ್ಯಾಟಿನ ಫಿಲಮೆಂಟ್ ಬಲ್ಬ್ ತಣ್ಣಗಿದ್ದಾಗ ಅದರ ರೋಧ ಸುಮಾರು 40 ಓಮ್; ಪೂರ್ತಿ ಉರಿಯುವಾಗ 500ಕ್ಕೂ ಹೆಚ್ಚು. ಹಾಗಾಗಿ ಒಳಗೆ ಏನೇ ಶಾರ್ಟ್ ಆಗಿದ್ದರೂ ಬಲ್ಬ್ ಕಾದ ಮೇಲೆ ಅರ್ಧ ಆಂಪಿಯರಿಗಿಂತ ಹೆಚ್ಚು ಕರೆಂಟ್ ಹರಿಯುವುದಿಲ್ಲ. ಆರೋಗ್ಯವಾಗಿರುವ ಸೆಟ್ಟಾದರೆ ಡಿಸಿಯನ್ನು ನಯಗೊಳಿಸುವ ಫಿಲ್ಟರ್ ಕೆಪಾಸಿಟರ್‌ಗಳು ತುಂಬುವಾಗ ಬಲ್ಬ್ ಒಮ್ಮೆ ಬೆಳಗಿ ಮಂದವಾಗುತ್ತದೆ. ಹಾಗೇ ಪ್ರಕಾಶವಾಗಿ ಉರಿಯುತ್ತಿದ್ದರೆ ಪ್ಲಗ್ ಕಿತ್ತು ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಮತ್ತು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ನೋಡಬೇಕು. 4440 ಐಸಿಯ ಪುಟ್ಟ ಸೆಟ್ಟುಗಳಿಗೆ ನಾನು 60 ವ್ಯಾಟಿನ ಬಲ್ಬ್ ಹಾಕುತ್ತೇನೆ.

ಗೆಳೆಯರೊಬ್ಬರ ಸೆಟ್ಟಿನಲ್ಲಿ ಯಾರೋ ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿ ಸುತ್ತಿದ್ದರು. ಇಂಥದ್ದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮನೆಗೆ ಬೆಂಕಿ ಬೀಳುವುದು ಹೀಗೆಯೇ. ಬೋರ್ಡಿಗೆ ಹಾಕಿದೊಡನೆ ಬಲ್ಬ್ ಪೂರ್ತಿ ಉರಿಯಿತು. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಜೋಡಿಯಲ್ಲಿ ಒಂದು, 2ಎಸ್‌ಸಿ5200, ಶಾರ್ಟ್ ಆಗಿತ್ತು. ಜೋಡಿ ಬದಲಿಸಿದ ಮೇಲೂ ಬಲ್ಬ್ ಮಂದವಾಗಲಿಲ್ಲ, ಏಕೆಂದರೆ ಆ ಜೋಡಿಯನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರೂ ಹೋಗಿತ್ತು. ನೇರ 230 ವೋಲ್ಟ್ ಕೊಟ್ಟಿದ್ದರೆ ಹೊಸ ಜೋಡಿಯೂ ಸುಟ್ಟುಹೋಗುತ್ತಿತ್ತು. ಈ ಟ್ರಾನ್ಸಿಸ್ಟರಿನ ನಕಲಿಗಳೇ ಮಾರುಕಟ್ಟೆಯಲ್ಲಿ ತುಂಬಿರುವಾಗ, ಅಸಲಿ ಜೋಡಿಯೊಂದನ್ನು ಉಳಿಸಿಕೊಳ್ಳುವುದು ಸಣ್ಣ ಮಾತಲ್ಲ.

ಆದರೆ ಈ ಬೋರ್ಡ್ ಕಾಪಾಡುವುದು ಸೆಟ್ಟನ್ನು, ನಿಮ್ಮನ್ನಲ್ಲ. ಬಲ್ಬ್ ಮಂದವಾಗಿದ್ದರೂ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ (ಮೇನ್ಸ್ ಕಡೆಯ ಸುತ್ತಿನಲ್ಲಿ) ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದ್ದೇ ಇರಬೇಕು; ಆದರೆ ಒಂದು ಕೈ ಫೇಸಿಗೂ ಇನ್ನೊಂದು ನ್ಯೂಟ್ರಲ್ಲಿಗೂ ತಗುಲಿದರೆ ಅದೂ ನೆರವಿಗೆ ಬಾರದು. ಪ್ಲಗ್ ಕಿತ್ತ ಮೇಲೂ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬೇಡ. ಇನ್ಸುಲೇಟೆಡ್ ಕ್ಲಿಪ್ಪುಗಳಿರುವ 100 ಓಮ್, 10 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರನ್ನು ಪ್ಲಸ್ ಮತ್ತು ಮೈನಸ್ ರೈಲುಗಳೆರಡಕ್ಕೂ (ಡಿಸಿ ಸಪ್ಲೈಯ ಎರಡು ಲೈನುಗಳಿಗೆ), ಗ್ರೌಂಡಿಗೆ ಸೇರುವಂತೆ, ಬೇರೆಬೇರೆಯಾಗಿ ಐದಾರು ಸೆಕೆಂಡ್ ಹಿಡಿದು, ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಈ ರೆಸಿಸ್ಟರ್ 35 ವೋಲ್ಟಿನ ಆಸುಪಾಸಿನ ಟ್ರಾನ್ಸಿಸ್ಟರ್ ಸೆಟ್ಟಿನ ಮಾತು. ವಾಲ್ವ್ ಸೆಟ್ಟುಗಳಲ್ಲಿ 300 ವೋಲ್ಟಿಗೂ ಹೆಚ್ಚು ಡಿಸಿ ಇರುತ್ತದೆ. ಹೊಸಬರು ಅವನ್ನು ಅನುಭವಿಗಳಿಗೇ ಒಪ್ಪಿಸಬೇಕು.

ಬೋರ್ಡಿನ ಮೇಲಿರುವಾಗ ಸೆಟ್ಟಿಗೆ ಪೂರ್ತಿ ವೋಲ್ಟೇಜ್ ಸಿಗದಿರುವುದರಿಂದ ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಹೊಂದಿಸಲಾಗದು. ಸ್ಪೀಕರನ್ನು ಕಾಯುವ ಪ್ರೊಟೆಕ್ಷನ್ ರಿಲೇ ಕೂಡ ಎಳೆಯದಿರಬಹುದು. ಎಸ್‌ಎಂಪಿಎಸ್ (ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲಿಗಿರುವ ಸ್ವಿಚಿಂಗ್ ಪವರ್ ಸಪ್ಲೈ) ಇರುವ ಹೋಮ್ ಥಿಯೇಟರ್ ಹಾಕಿದರೆ ಬಲ್ಬ್ ಮಿಣುಕುತ್ತಾ ಇರುತ್ತದೆ, ಅದರಿಂದ ಏನನ್ನೂ ಹೇಳಲಾಗದು. ನೇರ ಕರೆಂಟಿಗೆ ಹಾಕಿದ ಮೇಲೆ, ಸ್ಪೀಕರ್ ಜೋಡಿಸುವ ಮೊದಲು, ಔಟ್‌ಪುಟ್ಟಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ನಾನು ಸ್ಪೀಕರ್ ಕೊಡುತ್ತೇನೆ.

ಇನ್ನು ಕೊಂಡ ಮಾಲಿನ ದೋಷಗಳು. ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಜೋಡಿಸಿದ್ದರು: ಆರಿಸಿದ ಮೇಲೂ ಸಾಕೆಟ್ಟಿನಲ್ಲಿ ಟೆಸ್ಟರ್ ಬೆಳಗುತ್ತಿತ್ತು. ಅರ್ಥ್ ಪಿನ್ನಿಗೆ ತಂತಿಯೇ ಇರಲಿಲ್ಲ. ಜೀವಕ್ಕೆ ಸಂಬಂಧಿಸಿದ ವಸ್ತುವನ್ನು ಹೀಗೆ ಮಾರುವುದು ಅಕ್ಷಮ್ಯ. ಎಲ್ಲವನ್ನೂ ಬಿಚ್ಚಿ ಮರುಜೋಡಿಸಿದೆ. ಬಲ್ಬಿನ ಶಾಖಕ್ಕೆ ಬೇಕಲೈಟ್ ಹೋಲ್ಡರ್ ಬಿರುಕು ಬಿಟ್ಟಿತು, ಈಗ ಪಿಂಗಾಣಿಯದು ಇದೆ. ಕೊಳ್ಳುವವರು ಅಂಗಡಿಯಲ್ಲೇ ಪೆಟ್ಟಿಗೆ ತೆರೆಸಿ ನೋಡಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. 100 ವ್ಯಾಟಿನ ಫಿಲಮೆಂಟ್ ಬಲ್ಬ್ ಈಗ ಎಲ್ಲೆಡೆ ಸಿಗದಿರುವುದರಿಂದ ಕಂಡಾಗ ಒಂದೆರಡು ಹೆಚ್ಚೇ ತೆಗೆದಿಟ್ಟುಕೊಳ್ಳಿ.