ಇಪ್ಪತ್ತು ರೂಪಾಯಿ ನೋಟಿನ ದೀಪಸ್ತಂಭ: ನಾರ್ತ್ ಬೇ ಮೇಲೋ, ಮೌಂಟ್ ಮಣಿಪುರ ಮೇಲೋ?

ಹುಬ್ಬಳ್ಳಿ-ಧಾರವಾಡದಿಂದ ಅಂಡಮಾನ್ ಪ್ರವಾಸಕ್ಕೆ ಹೊರಡುವವರಿಗೆ ಏಜೆಂಟರು ಕೊಡುವ ಕಾರ್ಯಕ್ರಮ ಪಟ್ಟಿಯಲ್ಲಿ, ಶ್ರೀ ವಿಜಯಪುರಂನಲ್ಲಿ (2024ರವರೆಗೆ ಇದರ ಹೆಸರು ಪೋರ್ಟ್ ಬ್ಲೇರ್) ಕಳೆಯುವ ದಿನಕ್ಕೆ ‘ರಾಸ್ ಮತ್ತು ನಾರ್ತ್ ಬೇ’ ಎಂದು ಮೊದಲೇ ಬರೆದಿರುತ್ತದೆ. ಮೌಂಟ್ ಹ್ಯಾರಿಯೆಟ್ ರಾಷ್ಟ್ರೀಯ ಉದ್ಯಾನ, ಅಂದರೆ 2021ರಲ್ಲಿ ಮೌಂಟ್ ಮಣಿಪುರ ಎಂದು ಮರುನಾಮಕರಣಗೊಂಡ ಬೆಟ್ಟ, ‘ಸಮಯ ಉಳಿದರೆ’ ಎಂಬ ಸಾಲಿನಲ್ಲಿ ಬರುತ್ತದೆ. ಎರಡನ್ನೂ ನೋಡಿದ ಮೇಲೆ ಈ ಕ್ರಮ ತಲೆಕೆಳಗಾಗಿದೆ ಎಂದೇ ನನಗೆ ಅನ್ನಿಸುತ್ತದೆ.

ಹಳೆಯ ಕೆಂಪು ಬಣ್ಣದ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರಗಳು, ಕಡಲು ಹಾಗೂ ಒಂದು ದೀಪಸ್ತಂಭವಿರುವ ಚಿತ್ರವಿತ್ತು. 2019ರ ಹೊಸ ನೋಟಿನಲ್ಲಿ ಆ ಜಾಗಕ್ಕೆ ಎಲ್ಲೋರ ಬಂದಿದೆ. ಆ ದೀಪಸ್ತಂಭ ನಾರ್ತ್ ಬೇಯದು. ಆದರೆ ಚಿತ್ರ ಕಾಣುವುದು ನಾರ್ತ್ ಬೇಯಿಂದಲ್ಲ, ಅದರ ಹಿಂದಿನ ಮೌಂಟ್ ಮಣಿಪುರದಿಂದ. ನಾರ್ತ್ ಬೇಯನ್ನು ಎಲ್ಲರೂ ದ್ವೀಪವೆಂದು ಕರೆಯುತ್ತಾರಾದರೂ ಅದು ಬೇರೆ ದ್ವೀಪವೇನಲ್ಲ, ದಕ್ಷಿಣ ಅಂಡಮಾನಿನದೇ ಒಂದು ಕೊಲ್ಲಿ. ದೋಣಿಯಲ್ಲಿ ಹೋಗಿ ಇಳಿಯುವುದರಿಂದ ಹಾಗೆ ತೋರುತ್ತದೆ, ಅಷ್ಟೆ. ಹೀಗಾಗಿ ನಮ್ಮ ಮುಂದಿರುವ ಎರಡು ಆಯ್ಕೆಗಳು ಒಂದೇ ನೆಲದ ಬುಡ ಮತ್ತು ತುದಿ.

ನಾರ್ತ್ ಬೇಗೆ ಅಬರ್ಡೀನ್ ಜೆಟ್ಟಿಯಿಂದ ದೋಣಿಗಳು ಹೊರಡುತ್ತವೆ. ಇಳಿದ ಕೂಡಲೇ ಎಳನೀರು, ಭಜಿ, ಬಾಡಿಗೆ ಬಟ್ಟೆಗಳ ಅಂಗಡಿಗಳು ಮತ್ತು ಸ್ನಾರ್ಕೆಲಿಂಗ್, ಗಾಜಿನ ತಳದ ದೋಣಿಗಳ ಟಿಕೆಟ್ ಮಾರುವವರ ಕೂಗು ಎದುರಾಗುತ್ತವೆ. ಮಕ್ಕಳಿಗೆ ಇದು ಹಬ್ಬ. ಹವಳವನ್ನು ಹತ್ತಿರದಿಂದ ನೋಡುವ ಅವಕಾಶವನ್ನು ನಾನೂ ಹಗುರವಾಗಿ ಕಾಣುವುದಿಲ್ಲ. ಆದರೆ 2010 ಮತ್ತು 2016ರಲ್ಲಿ ಕಡಲಿನ ಶಾಖ ಏರಿ ಅಂಡಮಾನಿನ ಹವಳದ ದಿಬ್ಬಗಳು ಬಿಳಿಚಿಕೊಂಡಿದ್ದವೆಂಬುದನ್ನು ತಿಳಿದು ಹೋದರೆ ಜಾಹೀರಾತಿನ ಬಣ್ಣಗಳನ್ನು ಅಲ್ಲಿ ಹುಡುಕುವ ಗೋಜಿರುವುದಿಲ್ಲ. ದೀಪಸ್ತಂಭಕ್ಕೆ ದಂಡೆಯಿಂದ ನಡೆದು ಹೋಗಬೇಕು. ಹೆಚ್ಚಿನ ಪ್ರವಾಸಿಗರು ಅತ್ತ ಸುಳಿಯುವುದೇ ಇಲ್ಲ, ಏಕೆಂದರೆ ದೋಣಿಯವರು ಕೊಡುವ ಅವಧಿ ನೀರಾಟಕ್ಕೇ ಮುಗಿದುಹೋಗುತ್ತದೆ. ಒಳಗೆ ಬಿಡುವ ಹೊತ್ತಿಗೆ ಹೋಗಿ ಮೇಲೆ ಹತ್ತಿದರೆ ಬಂದರಿನ ಬಾಯಿ ಮತ್ತು ಎದುರಿನ ರಾಸ್ ದ್ವೀಪ (2018ರಿಂದ ಇದರ ಅಧಿಕೃತ ಹೆಸರು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ) ಚೆನ್ನಾಗಿ ಕಾಣುತ್ತವೆ. ನಮ್ಮ ಅವ್ವ ಮಾತ್ರ ಅಲ್ಲಿ ನಿಂತು, “ಇಷ್ಟು ದೂರ ಬಂದು ನೋಟಿನಾಗಿನ ಚಿತ್ರಾನ ಕಾಣವಲ್ದಲ್ಲಪಾ” ಎಂದಳು. ಕಂಬದ ಮೇಲೆ ನಿಂತವರಿಗೆ ಕಂಬ ಕಾಣುವುದಾದರೂ ಹೇಗೆ?

ಮೌಂಟ್ ಮಣಿಪುರಕ್ಕೆ ಹೋಗುವ ದಾರಿಯೇ ಬೇರೆ. ಚಾಥಂನಿಂದ ವಾಹನಗಳನ್ನೂ ಹೊತ್ತೊಯ್ಯುವ ಫೆರಿಯಲ್ಲಿ ಬ್ಯಾಂಬೂ ಫ್ಲಾಟ್‌ಗೆ ದಾಟಿದರೆ ರಸ್ತೆಯ ದೊಡ್ಡ ಸುತ್ತು ತಪ್ಪುತ್ತದೆ. ಚಾಥಂನಲ್ಲೇ 1883ರಲ್ಲಿ ಆರಂಭವಾದ ಸರ್ಕಾರಿ ಮರ ಕೊಯ್ಯುವ ಕಾರ್ಖಾನೆಯಿದೆ. ಅಲ್ಲಿ ಕಾಣುವ ಕೆಂಪು ಪಡೌಕ್ ನಮ್ಮ ಕಡೆಯ ಹೊನ್ನೆಯ ದಾಯಾದಿ. ಅದೇ ಮರ ಜೀವಂತವಾಗಿ ಬೆಟ್ಟದ ಕಾಡಿನಲ್ಲಿ ನಿಂತಿರುವುದನ್ನು ನೋಡಿದಾಗ ಅದರ ಎತ್ತರ ಅರಿವಾಗುತ್ತದೆ. ಗದಗಿನ ಕಪ್ಪತಗುಡ್ಡ ಹತ್ತಿದವರಿಗೆ ಬೆಟ್ಟವೆಂದರೆ ಬಿಸಿಲು, ಕುರುಚಲು ಗಿಡ ಮತ್ತು ಗಾಳಿ. ಇಲ್ಲಿ ದಾರಿಯ ಬಹುಭಾಗದಲ್ಲಿ ಆಕಾಶವೇ ಕಾಣದಷ್ಟು ದಟ್ಟ ಹಸಿರು, ಮೈಗೆ ಅಂಟುವ ತೇವ. ಬೇರೆಲ್ಲೂ ಇರದ ಕಪ್ಪು ಮೈಯ ಅಂಡಮಾನ್ ಮರಕುಟಿಗದ ಬಡಿತ ಕಿವಿಗೆ ಬಿದ್ದರೆ ಅಲ್ಲೇ ನಿಲ್ಲಬೇಕು, ಕಾರಿನ ಚಾಲಕ ಎಷ್ಟೇ ಅವಸರಿಸಿದರೂ ಸರಿ. ನೋಟಿನ ಚಿತ್ರ ದಾರಿಯ ಒಂದು ತಿರುವಿನಲ್ಲಿ ಸಿಗುತ್ತದೆ: ದೂರ ಕೆಳಗೆ ದೀಪಸ್ತಂಭ, ಅದರಾಚೆ ನೀರು.

ಈ ಬೆಟ್ಟಕ್ಕೆ ಚರಿತ್ರೆಯೂ ಜೊತೆಗಿದೆ. 1891ರ ಆಂಗ್ಲೋ-ಮಣಿಪುರಿ ಯುದ್ಧದ ನಂತರ ಮಹಾರಾಜ ಕುಲಚಂದ್ರ ಧ್ವಜ ಸಿಂಹನನ್ನೂ ಅವನ ಸಂಗಡಿಗರನ್ನೂ ಇಲ್ಲಿಗೆ ಗಡೀಪಾರು ಮಾಡಲಾಗಿತ್ತು. ಹೊಸ ಹೆಸರು ಅದರ ನೆನಪಿಗೆ. ಅದಕ್ಕೂ ಮೊದಲು, 1872ರ ಫೆಬ್ರವರಿ 8ರಂದು ವೈಸ್‌ರಾಯ್ ಲಾರ್ಡ್ ಮೇಯೊ ಇದೇ ಬೆಟ್ಟದ ಮೇಲೆ ಸೂರ್ಯಾಸ್ತ ನೋಡಿ ಕೆಳಗಿಳಿದು, ಹೋಪ್‌ಟೌನ್ ಜೆಟ್ಟಿಯ ಕತ್ತಲಲ್ಲಿ ಕೈದಿ ಶೇರ್ ಅಲಿ ಅಫ್ರಿದಿಯ ಚೂರಿಗೆ ಬಲಿಯಾದ.

ಕತ್ತಲೆಯ ವಿಚಾರ ಪ್ರವಾಸಿಗರಿಗೂ ಮುಖ್ಯ. ಅಂಡಮಾನ್ ಧಾರವಾಡಕ್ಕಿಂತ ಸುಮಾರು ಹದಿನೆಂಟು ರೇಖಾಂಶಗಳಷ್ಟು ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆಗಿರುವುದರಿಂದ ಹೊತ್ತು ಒಂದು ಗಂಟೆಗೂ ಮೊದಲೇ ಮುಳುಗುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೇ ದೀಪ ಹಚ್ಚಬೇಕಾಗುತ್ತದೆ. ಉಣಕಲ್ಲಿನ ನೃಪತುಂಗ ಬೆಟ್ಟಕ್ಕೆ ಹೋಗುವಂತೆ ಸಂಜೆಯ ಚಹಾ ಮುಗಿಸಿ ಹೊರಟರೆ ಇಲ್ಲಿ ಏನೂ ದಕ್ಕುವುದಿಲ್ಲ. ಬೆಟ್ಟಕ್ಕೆ ಬೆಳಗಿನ ಫೆರಿಯೇ ಸರಿ.

ಮಳೆಗಾಲದ ಲೆಕ್ಕ ಮಾತ್ರ ಎರಡಕ್ಕೂ ಪ್ರತಿಕೂಲ. ಇಲ್ಲಿ ಮುಂಗಾರು ಮೇ ತಿಂಗಳ ಮೂರನೆಯ ವಾರದ ಹೊತ್ತಿಗೇ ಕಾಲಿಡುತ್ತದೆ. ಆಗ ಕಡಲು ಕೆರಳಿದರೆ ನಾರ್ತ್ ಬೇ ದೋಣಿ ರದ್ದಾಗುತ್ತದೆ, ಬೆಟ್ಟದಲ್ಲಿ ಜಿಗಣೆಗಳು ಕಾಲು ಹುಡುಕುತ್ತವೆ. ಜಿಗಣೆಗೆ ಉಪ್ಪು ಸಾಕು, ದೋಣಿ ನಿಂತರೆ ಮಾಡುವುದೇನೂ ಇಲ್ಲ. ಒಂದೇ ದಿನ ಕೈಯಲ್ಲಿದ್ದು, ಈಜು ಕಲಿತ ಮಕ್ಕಳು ಜೊತೆಗಿಲ್ಲದಿದ್ದರೆ ನಾನು ಬೆಟ್ಟವನ್ನೇ ಆರಿಸುತ್ತೇನೆ. ಮೊಣಕಾಲು ನೋವಿನ ಹಿರಿಯರಿಗೆ ಎರಡೂ ಬೇಡವೆನಿಸಿದರೆ ರಾಸ್ ದ್ವೀಪವಿದೆ: ಬ್ಯಾಟರಿ ಗಾಡಿ ಸಿಗುತ್ತದೆ, ಬ್ರಿಟಿಷರ ಪಾಳು ಗೋಡೆಗಳನ್ನು ಬಿಗಿದಪ್ಪಿದ ಬೇರುಗಳ ನಡುವೆ ಚುಕ್ಕೆ ಜಿಂಕೆಗಳು ಕೈಗೆಟಕುವಷ್ಟು ಹತ್ತಿರ ಬರುತ್ತವೆ.