ಗೋಕರ್ಣದಲ್ಲಿ ಗೋಧಿ ಇಲ್ಲದ ಊಟ: ಬೀಚ್ ಕೆಫೆಗೆ ಎರಡು ಸ್ಟಾರ್, ಅಕ್ಕನ ಅಡುಗೆಮನೆಗೆ ನಾಲ್ಕೂವರೆ

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಗೋಧಿ ತಿನ್ನಲಾಗದವರು ಸಮುದ್ರದ ಪಕ್ಕ ರಜೆ ಕಳೆಯೋಕೆ ಗೋಕರ್ಣ ಒಳ್ಳೆಯ ಊರು. ಆದರೆ ಮೆನುವಿನಲ್ಲಿ ‘ಗ್ಲುಟನ್ ಫ್ರೀ’ ಅಂತ ಅಚ್ಚು ಹಾಕಿಸಿರುವ ಕೆಫೆಗಳನ್ನು ನಂಬಿಕೊಂಡು ಹೋಗಬೇಡಿ. ಅಕ್ಕಿ ನೆನೆಹಾಕಿ ರುಬ್ಬುವ ಮನೆ ಹುಡುಕಿ.

ಇದು ತೂಕ ಇಳಿಸೋಕೆ ಗೋಧಿ ಬಿಟ್ಟವರಿಗೆ ಬರೆದದ್ದಲ್ಲ. ಅವರು ಎಲ್ಲಿ ಬೇಕಾದರೂ ತಿನ್ನಬಹುದು. ನನಗೆ ಇರುವುದು ಸೀಲಿಯಾಕ್. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದರೆ ನನ್ನ ದೇಹವೇ ನನ್ನ ಸಣ್ಣಕರುಳಿನ ಮೇಲೆ ದಾಳಿ ಮಾಡುತ್ತದೆ. ಇದಕ್ಕೆ ಮಾತ್ರೆ ಇಲ್ಲ, ಗ್ಲುಟನ್ ಬಿಡೋದೇ ಔಷಧಿ. ‘ಸ್ವಲ್ಪ ತಿಂದರೆ ಏನಾಗಲ್ಲ ಬಿಡಿ’ ಅನ್ನೋ ಮಾತು ನಮಗೆ ಅನ್ವಯಿಸಲ್ಲ. ಪ್ಯಾಕೆಟ್ ಮೇಲೆ ಗ್ಲುಟನ್ ಫ್ರೀ ಅಂತ ಹಾಕಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟನ್ ಇರಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮವೇ ಇದೆ. ಲೆಕ್ಕ ಅಷ್ಟು ಸಣ್ಣದು. ಚಪಾತಿ ಬೇಯಿಸಿದ ಕಾವಲಿಯಲ್ಲಿ ಉಳಿದ ಹಿಟ್ಟು ಕೂಡ ನಮಗೆ ಲೆಕ್ಕಕ್ಕೆ ಬರುತ್ತದೆ.

ಮೊದಲು ಕೆಫೆ ಕಥೆ ಮುಗಿಸೋಣ. ಹೆಸರು ಬೇಡ, ಯಾಕಂದರೆ ಕುಡ್ಲೆಯಿಂದ ಓಂ ಬೀಚ್ ತನಕ ಮೆನುಗಳು ಹೆಚ್ಚುಕಡಿಮೆ ಒಂದೇ ಥರ. ಇಸ್ರೇಲಿನ ಪ್ರವಾಸಿಗರು ತುಂಬಾ ವರ್ಷದಿಂದ ಬರುತ್ತಿರುವುದರಿಂದ ಹಮ್ಮಸ್, ಫಲಾಫೆಲ್, ಶಕ್ಷುಕಾ ಎಲ್ಲಾ ಸಿಗುತ್ತವೆ. ಜೊತೆಗೆ ಪಾಸ್ತಾ, ಪಿಜ್ಜಾ, ಚೈನೀಸ್, ತಂದೂರಿ. ಒಂದು ಸಣ್ಣ ಅಡುಗೆಮನೆಯಲ್ಲಿ ಇಷ್ಟೆಲ್ಲಾ ಮಾಡುತ್ತಾರೆ ಅಂದರೆ ನನ್ನಂಥವಳಿಗೆ ಮೆನು ಓದುವಾಗಲೇ ಅನುಮಾನ ಶುರು. ನಾನು ಹೋದ ಕಡೆ ಪ್ಯಾನ್‌ಕೇಕ್ ಪಕ್ಕ ಗೋಧಿ ತೆನೆಗೆ ಗೀಟು ಹೊಡೆದ ಚಿತ್ರ ಇತ್ತು. ಕೇಳಿಕೊಂಡು ಒಳಗೆ ಹೋಗಿ ನೋಡಿದೆ. ಹಿಟ್ಟು ನಿಜವಾಗಿಯೂ ಬೇರೆ ಪಾತ್ರೆಯಲ್ಲೇ ಇತ್ತು, ಅದಕ್ಕೆ ಮೆಚ್ಚಬೇಕು, ಆದರೆ ಕಾವಲಿ ಒಂದೇ, ಅದರ ಮೇಲಿಂದ ಆಗಷ್ಟೇ ಪರೋಟ ಎದ್ದು ಹೋಗಿತ್ತು, ಮತ್ತೆ ಆ ಹುಡುಗ ಒಂದು ಬಟ್ಟೆ ತಗೊಂಡು ಒರೆಸಿ ‘ಹೋಗಯಾ ಮೇಡಂ’ ಅಂದ. ಅವನ ತಪ್ಪೇನಿಲ್ಲ. ಸೀಸನ್‌ಗೆ ಅಂತ ಎಲ್ಲಿಂದಲೋ ಬಂದ ಹುಡುಗ, ಮಳೆಗಾಲಕ್ಕೆ ಊರಿಗೆ ಹೋಗುತ್ತಾನೆ, ಯಾರೂ ಅವನಿಗೆ ಹೇಳಿಕೊಟ್ಟಿಲ್ಲ. ತಪ್ಪು ಆ ಚಿತ್ರ ಹಾಕಿಸಿದ ಮಾಲೀಕರದ್ದು.

ಅಲ್ಲೇ ತಿನ್ನಬೇಕಾಗಿ ಬಂದರೆ ಏನು ಮಾಡೋದು? ಹಮ್ಮಸ್ ಪರವಾಗಿಲ್ಲ. ಅದು ಕಾಬೂಲಿ ಕಡಲೆ, ಎಳ್ಳು, ನಿಂಬೆ, ಎಣ್ಣೆ ಅಷ್ಟೇ. ಪಿಟಾ ಬ್ರೆಡ್ ಬದಲು ಸೌತೆಕಾಯಿ, ಕ್ಯಾರೆಟ್ ಕೊಡಿ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಬ್ರೆಡ್ಡನ್ನು ಅದರೊಳಗೇ ಸಿಕ್ಕಿಸಿ ತರುತ್ತಾರೆ. ಶಕ್ಷುಕಾ ಕೂಡ ಹಾಗೆಯೇ, ಮೊಟ್ಟೆ ಮತ್ತು ಟೊಮೆಟೊ. ಫಲಾಫೆಲ್ ಕಡಲೆಯದ್ದೇ ಆದರೂ ಉಂಡೆ ಒಡೆಯಬಾರದು ಅಂತ ಕೆಲವರು ಮೈದಾ ಸೇರಿಸುತ್ತಾರೆ, ಮತ್ತೆ ಎಣ್ಣೆ ಯಾವುದರದ್ದು? ಬ್ರೆಡ್ ಪುಡಿ ಹಚ್ಚಿದ ಕಟ್ಲೆಟ್ ಕರಿದ ಬಾಣಲೆಯೇ. ಫ್ರೆಂಚ್ ಫ್ರೈಸ್‌ಗೂ ಇದೇ ಮಾತು. ಬಟರ್ ಗಾರ್ಲಿಕ್ ಮೀನಿನ ಸಾಸ್ ಮೈದಾದಿಂದ ಗಟ್ಟಿ ಮಾಡಿದ್ದೋ ಕಾರ್ನ್‌ಫ್ಲೋರ್‌ನಿಂದಲೋ ಕೇಳಿ. ಗೋಬಿ ಮಂಚೂರಿ ಕಡೆ ತಿರುಗಿಯೂ ನೋಡಬೇಡಿ, ಅದರಲ್ಲಿ ಮೈದಾ ಇರುತ್ತದೆ, ಮೇಲೆ ಸೋಯಾ ಸಾಸ್, ಅದರಲ್ಲೂ ಗೋಧಿ ಇರುವುದು ಸಾಮಾನ್ಯ. ‘ಹಲೋ ಟು ದಿ ಕ್ವೀನ್’ ಅಂತ ಒಂದು ಸಿಹಿ ಎಲ್ಲಾ ಕಡೆ ಇರುತ್ತದೆ, ನೋಡಲು ಐಸ್‌ಕ್ರೀಮು ಬಾಳೆಹಣ್ಣು, ಅಡಿಯಲ್ಲಿ ಬಿಸ್ಕತ್ತು. ಬಿಯರ್ ಬಾರ್ಲಿಯದ್ದು, ಆದ್ದರಿಂದ ಅದೂ ಇಲ್ಲ. ಎಳನೀರು ಕುಡಿಯಿರಿ, ಅದಕ್ಕೆ ಯಾರೂ ಏನೂ ಬೆರೆಸಲು ಆಗಲ್ಲ.

ಎರಡು ಸ್ಟಾರ್ ಯಾಕೆ ಕೊಟ್ಟೆ ಅಂದರೆ ಒಂದು ಸೂರ್ಯಾಸ್ತಕ್ಕೆ, ಇನ್ನೊಂದು ಅಡುಗೆಮನೆ ಒಳಗೆ ಬಿಟ್ಟಿದ್ದಕ್ಕೆ. ಬೆಂಗಳೂರಿನಲ್ಲಿ ಯಾವ ಹೋಟೆಲ್ ಬಿಡುತ್ತದೆ ಹೇಳಿ.

ಈಗ ಅಕ್ಕ ಅಂತ ನಾನು ಕರೆಯುವ ಮನೆಯೊಡತಿಯ ಮನೆಗೆ ಬರೋಣ. ಕುಡ್ಲೆಯ ಹಿಂದೆ, ಗುಡ್ಡ ಹತ್ತಿ ಇಳಿದರೆ ಸಿಗುವ ಮನೆ. ಮುಂದೆ ಅವರು ಇರುತ್ತಾರೆ, ಹಿಂದಿನ ರೂಮುಗಳನ್ನು ಬಾಡಿಗೆಗೆ ಕೊಡುತ್ತಾರೆ. ಮೊದಲೇ ಹೇಳಿದರೆ ಊಟ. ಬೋರ್ಡಿಲ್ಲ, ಮೆನುವಿಲ್ಲ. ಇಂಟರ್ನೆಟ್ಟಿನಲ್ಲಿ ಹೆಸರು ಹಾಕಬೇಡಿ, ಈಗ ಬರುವವರೇ ಸಾಕು ಅಂತ ಅವರೇ ಹೇಳಿದ್ದರಿಂದ ಹಾಕುತ್ತಿಲ್ಲ. ಆದರೆ ಇಂಥ ಮನೆಗಳು ಗೋಕರ್ಣ, ಕುಮಟಾ, ಅಂಕೋಲಾ ಸುತ್ತ ಬೇಕಾದಷ್ಟಿವೆ.

ನಾನು ಗ್ಲುಟನ್ ವಿಷಯವೇ ಎತ್ತಲಿಲ್ಲ. ‘ಅಕ್ಕಾ, ನಂಗೆ ಗೋಧಿ, ಮೈದಾ, ರವೆ ಯಾವ್ದೂ ಆಗಲ್ಲ, ಒಂದು ಚೂರು ಬಿದ್ರೂ ಹುಷಾರು ತಪ್ಪತ್ತೆ’ ಅಂದೆ. ಅವರು ನನ್ನ ಮುಖ ನೋಡಿ, ‘ಅಕ್ಕಿದೇ ಮಾಡುದು ನಾವು, ಗೋಧಿ ಎಂತಕ್ಕೆ?’ ಅಂದರು. ಅಷ್ಟೇ, ಮಾತು ಮುಗಿಯಿತು.

ಬೆಳಿಗ್ಗೆ ನೀರುದೋಸೆ, ಬೆಲ್ಲ ಕಾಯಿತುರಿ. ಒಂದು ದಿನ ಮೊಗೆಕಾಯಿ ದೋಸೆ, ಇನ್ನೊಂದು ದಿನ ಒತ್ತುಶ್ಯಾವಿಗೆ, ಅದಕ್ಕೆ ಬೆಲ್ಲ ಹಾಕಿದ ಕಾಯಿಹಾಲು. ಇದೆಲ್ಲಾ ಅಕ್ಕಿಯದ್ದು ಅಂತ ಎಲ್ಲರಿಗೂ ಗೊತ್ತು. ನನಗೆ ಖುಷಿ ಕೊಟ್ಟಿದ್ದು ಬೇರೆ ವಿಷಯ. ಇಲ್ಲಿ ಅಕ್ಕಿಯನ್ನು ನೆನೆಸಿ ಮನೆಯಲ್ಲೇ ರುಬ್ಬುತ್ತಾರೆ, ಗಿರಣಿಗೆ ಕಳಿಸಲ್ಲ. ನಮ್ಮ ಕಡೆ ಜೋಳದ ರೊಟ್ಟಿ ತಿನ್ನಿ ಸೇಫ್ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನೂ ಬೀಸುತ್ತಾರೆ, ಮೊದಲ ಒಂದೆರಡು ಕಿಲೋದಲ್ಲಿ ಹಿಂದಿನವರ ಗೋಧಿ ಸೇರಿಕೊಂಡಿರುತ್ತದೆ. ಕರಾವಳಿಯಲ್ಲಿ ಆ ತಲೆನೋವೇ ಇಲ್ಲ. ಅಂಗಡಿಯ ಅಕ್ಕಿಹಿಟ್ಟು ತಂದು ದಿಢೀರ್ ನೀರುದೋಸೆ ಮಾಡುವ ಹೋಟೆಲಾದರೆ ಮಾತು ಬೇರೆ, ಅದನ್ನು ಕೇಳಿ ತಿಳಿದುಕೊಳ್ಳಿ.

ಇನ್ನು ಕಾವಲಿ. ಅಕ್ಕನ ಹತ್ತಿರ ದೋಸೆಗೆ ಅಂತಲೇ ಒಂದು ಬೀಡಿನ ಕಾವಲಿ ಇದೆ, ಅದರ ಮೇಲೆ ಚಪಾತಿ ಮಾಡಲು ಸ್ವಂತ ಮಗಳಿಗೂ ಬಿಡಲ್ಲ. ನನ್ನ ಕಾಯಿಲೆಗೂ ಅದಕ್ಕೂ ಸಂಬಂಧವಿಲ್ಲ. ಚಪಾತಿ ಮಾಡಿದರೆ ಆಮೇಲೆ ದೋಸೆ ಏಳಲ್ಲ, ಅಂಟಿಕೊಳ್ಳುತ್ತದೆ ಅನ್ನೋದು ಅವರ ಸಿಟ್ಟು. ನಮ್ಮ ಅಮ್ಮಂದಿರು ಅಜ್ಜಿಯರೆಲ್ಲಾ ಹೀಗೇ ಮಾಡುತ್ತಿದ್ದರು ಅಲ್ವಾ? ಕೆಫೆಯವರು ದುಡ್ಡು ಕೊಟ್ಟು ಮಾಡಿಸಬೇಕಾದ ವ್ಯವಸ್ಥೆ ಇವರ ಮನೆಯಲ್ಲಿ ದೋಸೆ ಮೇಲಿನ ಪ್ರೀತಿಯಿಂದ ತಾನಾಗಿಯೇ ಆಗಿದೆ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಅನ್ನೋ ಘಾಟು ಮಸಾಲೆಕಾಯಿ ಹಾಕಿದ ಬಂಗುಡೆ ಸಾರು, ಚಿಪ್ಪಿಕಲ್ಲಿನ (ಚಿಪ್ಪುಮೀನು) ಸುಕ್ಕ, ಕೊನೆಗೆ ಕೋಕಂ ಹುಳಿಯ ಸೋಲ್ ಕಡಿ. ಬಂಗುಡೆ ಸಾರಿಗೆ ಹುಳಿ ಸರಿಯಾಗಿತ್ತು, ಖಾರ ಮಾತ್ರ ನನಗೆ ಜಾಸ್ತಿ. ಚಿಪ್ಪಿಕಲ್ಲು ಅಘನಾಶಿನಿ ಕಡೆಯದ್ದು, ದಪ್ಪ ದಪ್ಪ, ಮರಳಿನ ಕರಕರ ಒಂಚೂರೂ ಇಲ್ಲ. ಆ ಸುಕ್ಕಕ್ಕೇ ಬೇಕಾದರೆ ಐದಕ್ಕೆ ಐದು ಕೊಡುತ್ತೇನೆ. ಮೀನು ಫ್ರೈ ಮಾಡುವಾಗ ರವೆ ಬೇಡ ಅಂದೆ, ಅಕ್ಕಿಹಿಟ್ಟು ಹಚ್ಚಿದರು. ಇದನ್ನು ನೆನಪಿಡಿ. ಕರಾವಳಿಯ ಖಾನಾವಳಿಗಳಲ್ಲಿ ಫ್ರೈ ಅಂದರೆ ರವೆ ಫ್ರೈ, ಆ ರವೆ ಗೋಧಿಯದ್ದು. ಪೇಟೆಯಲ್ಲಿ ‘ರವೆ ಹಾಕಬೇಡಿ’ ಅಂತ ಹೇಳಿ ತರಿಸಿದರೂ ಎಲ್ಲರ ರವೆ ಫ್ರೈ ಆದ ಎಣ್ಣೆಯಲ್ಲೇ ನಿಮ್ಮ ಮೀನೂ ಬೇಯುತ್ತದೆ. ಆದ್ದರಿಂದ ಖಾನಾವಳಿಯಲ್ಲಿ ನಾನು ಸಾರು, ಸುಕ್ಕ, ಅನ್ನಕ್ಕೆ ನಿಲ್ಲಿಸುತ್ತೇನೆ. ಪಕ್ಕದ ಟೇಬಲ್ಲಿನ ಇಸ್ವಾಣ ಫ್ರೈ ನೋಡಿ ಹೊಟ್ಟೆ ಉರಿಯುತ್ತದೆ, ಏನು ಮಾಡೋದು.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಂತು ಓದಿ. ನಿಮ್ಮದು ಸುಲಭ ಅಂದುಕೊಳ್ಳುತ್ತೀರಿ, ಆದರೆ ನಿಮ್ಮದೇ ಕಷ್ಟ. ಕಾರಣ ಇಂಗು. ಅಪ್ಪಟ ಇಂಗು ತುಂಬಾ ಘಾಟು, ಅದಕ್ಕೆ ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗಿನಲ್ಲಿ ಗೋಂದು ಮತ್ತು ಹಿಟ್ಟು ಬೆರೆಸಿರುತ್ತಾರೆ, ಆ ಹಿಟ್ಟು ಹೆಚ್ಚಾಗಿ ಗೋಧಿ ಅಥವಾ ಮೈದಾ. ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಓದಿ. ಮೀನಿನ ಸಾರಿಗೆ ಸಾಮಾನ್ಯವಾಗಿ ಇಂಗು ಬೀಳಲ್ಲ. ತೊವ್ವೆಗೆ, ಸಾರಿಗೆ, ಸಾಂಬಾರಿಗೆ, ಉಪ್ಪಿನಕಾಯಿಗೆ, ಉದ್ದಿನ ಹಪ್ಪಳಕ್ಕೆ, ಚಟ್ನಿಯ ಒಗ್ಗರಣೆಗೆ ಬೀಳುತ್ತದೆ. ನಾನು ಅಕ್ಕಿಹಿಟ್ಟು ಬೆರೆಸಿದ ಇಂಗಿನ ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ. ಅಕ್ಕನಿಗೆ ಕೊಟ್ಟಾಗ ಮೂಸಿ ನೋಡಿ ‘ಪರಿಮಳ ಕಮ್ಮಿ’ ಅಂದರು, ಆದರೂ ಅಪ್ಪೆಹುಳಿಗೆ ಅದನ್ನೇ ಹಾಕಿದರು.

ದೇವಸ್ಥಾನದ ಹತ್ತಿರದ ಹೋಟೆಲುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬನ್ಸ್, ಗೋಳಿಬಜೆ ಮೈದಾ. ಉಪ್ಪಿಟ್ಟು, ಶಿರಾ, ರವೆ ಇಡ್ಲಿ ಎಲ್ಲಾ ಗೋಧಿ ರವೆ. ಮಸಾಲೆದೋಸೆ ಹಿಟ್ಟಿನಲ್ಲಿ ದೋಷವಿಲ್ಲ, ಆದರೆ ಅದೇ ಕಲ್ಲಿನ ಮೇಲೆ ರವೆ ದೋಸೆ ಹಾಕುತ್ತಿದ್ದರೆ ಬಿಟ್ಟುಬಿಡಿ. ಉದ್ದಿನವಡೆ ಕೂಡ ಬನ್ಸ್ ಎಣ್ಣೆಯಲ್ಲೇ. ಉಳಿಯುವುದು ಅಕ್ಕಿಯ ಇಡ್ಲಿ, ಅದೂ ಸಾಂಬಾರು ಇಲ್ಲದೆ. ಮಕ್ಕಳಿದ್ದರೆ ಹಾಲಿಗೆ ಹಾರ್ಲಿಕ್ಸ್ ಹಾಕಿಸಬೇಡಿ, ಅದರಲ್ಲಿ ಗೋಧಿ, ಬಾರ್ಲಿ ಎರಡೂ ಇವೆ. ಐಸ್‌ಕ್ರೀಮ್ ಮೇಲೆ ಸಿಕ್ಕಿಸುವ ವೇಫರ್ ಬೇಡ ಅಂತ ಮೊದಲೇ ಹೇಳಿ, ಆಮೇಲೆ ತೆಗೆದಿಟ್ಟರೆ ಪ್ರಯೋಜನವಿಲ್ಲ.

ಗೋವಾ ಇನ್ನೂ ಚೆನ್ನಾಗಿರುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಅಲ್ಲೂ ಮೀನುಸಾರು ಅನ್ನ ಇದೆ ನಿಜ, ಆದರೆ ಪಾವ್, ಪೊಯಿ ಅನ್ನೋ ಬ್ರೆಡ್ಡುಗಳು ಪ್ರತಿ ಟೇಬಲ್ಲಿಗೂ ಬರುತ್ತವೆ, ಪುಡಿ ಎಲ್ಲೆಲ್ಲೂ. ಶ್ರೀಲಂಕಾಗೆ ಹೋಗುವವರಿಗೂ ಒಂದು ಮಾತು. ಅಲ್ಲಿನ ಶ್ಯಾವಿಗೆಯನ್ನು ನಮ್ಮ ಒತ್ತುಶ್ಯಾವಿಗೆ ಥರ ಅಂತ ನಂಬಿ ತಿನ್ನಬೇಡಿ, ಗೋಧಿಹಿಟ್ಟಿನಲ್ಲೂ ಮಾಡುತ್ತಾರೆ.

ಅಕ್ಕನ ಮನೆಗೆ ಅರ್ಧ ಸ್ಟಾರ್ ಯಾಕೆ ಕಡಿಮೆ? ಊಟ ಬೇಕು ಅಂತ ಹಿಂದಿನ ಸಂಜೆಯೇ ಹೇಳಬೇಕು, ಮರೆತರೆ ಇಲ್ಲ. ಮಧ್ಯಾಹ್ನದ ಊಟ ಅವರ ಕೆಲಸ ಮುಗಿದ ಮೇಲೆ, ಎರಡೂವರೆ ಆದರೂ ಆಯಿತು, ಸಮುದ್ರದಲ್ಲಿ ಆಡಿ ಬಂದ ಹಸಿವಿಗೆ ಅದು ಕಷ್ಟ. ಸೋಮವಾರ ಮೀನಿಲ್ಲ. ಕಾಫಿ ಪಾನಕದಷ್ಟು ಸಿಹಿ. ಸಂಜೆ ಕರೆಂಟು ಹೋದರೆ ರುಬ್ಬೋದು ತಡ, ಬೆಳಗಿನ ದೋಸೆಯೂ ತಡ. ಮಂಡಿ ನೋವಿನವರಿಗೆ ಆ ಗುಡ್ಡದ ಮೆಟ್ಟಿಲು ಬೇಡವೇ ಬೇಡ. ದುಡ್ಡಿನ ವಿಷಯದಲ್ಲಿ ದೂರಿಲ್ಲ, ಕೆಫೆಯ ಒಂದು ಪಾಸ್ತಾ ಬೆಲೆಗೆ ಇಲ್ಲಿ ಇಬ್ಬರು ಹೊಟ್ಟೆತುಂಬಾ ಮೀನೂಟ ಮಾಡಬಹುದು.

ಇಂಥ ಮನೆ ಹುಡುಕುವವರು ರೂಮು ನೋಡುವಾಗ ಬಾತ್‌ರೂಮಿನ ಜೊತೆ ಅಡುಗೆಮನೆಯನ್ನೂ ಒಮ್ಮೆ ನೋಡಿ. ರುಬ್ಬೋಕೆ ಗ್ರೈಂಡರ್ ಇದೆಯಾ, ದೋಸೆ ಕಾವಲಿ ಬೇರೆ ಇದೆಯಾ, ಇಂಗು ಯಾವುದು, ಫ್ರೈಗೆ ರವೆಯಾ ಅಕ್ಕಿಹಿಟ್ಟಾ ಅಂತ ಕೇಳಿ. ಬೇಸರ ಮಾಡಿಕೊಳ್ಳಲ್ಲ, ಅಡುಗೆ ಬಗ್ಗೆ ಕೇಳಿದರೆ ಈ ಕಡೆಯವರಿಗೆ ಖುಷಿಯೇ. ಹೋಗೋದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ತಾಜಾ ಮೀನು ಸಿಗೋದು ಕಡಿಮೆ, ಸಮುದ್ರಕ್ಕೆ ಇಳಿಯೋಕೂ ಆಗಲ್ಲ. ಅಕ್ಕ ಆ ಹೊತ್ತಿಗೆ ಗದ್ದೆ ನಟ್ಟಿಯಲ್ಲಿರುತ್ತಾರೆ, ರೂಮು ಕೊಟ್ಟರೂ ಊಟ ಕೊಡಲ್ಲ.